ಜಪಾನ್ ಕಸ್ತೂರಿ

ಗ್ರೇಸ್ ಕೇಳಿದ್ದು ಸಣ್ಣ ಪ್ರಶ್ನೆ. ಬಿಳಿ ಜಲ್ಲಿಯ ಮೇಲೆ ಬಾಚಿದ ಹಾಗೆ ಗೆರೆ ಎಳೆದಿದ್ದಾರಲ್ಲ, ಅದನ್ನು ತುಳಿಯಬಹುದೋ ತುಳಿಯಬಾರದೋ, ಅಷ್ಟೇ. ಅಡಿಲೇಡಿನ ಸೌತ್ ಟೆರೇಸಿನ ಪಕ್ಕದ ಜಪಾನೀ ತೋಟದಲ್ಲಿ ಬೆಳಗಿನ ಹತ್ತೂವರೆಯ ಬಿಸಿಲು ಹಿತವಾಗಿತ್ತು. ಎಲ್ಲೋ ಒಂದು ಬಿದಿರಿನ ಕೊಳವೆ ನೀರು ತುಂಬಿಕೊಂಡು, ಬಾಗಿ, ಚೆಲ್ಲಿ, ಟಕ್ ಎಂದು ಕಲ್ಲಿಗೆ ಬಡಿಯುತ್ತಿತ್ತು, ಮತ್ತು ಆ ಒಂದೊಂದು ಟಕ್ಕೂ ತನ್ನನ್ನೇ ಕುರಿತು ಏನೋ ಹೇಳುತ್ತಿದೆ ಎಂದು ಕಸ್ತೂರಿಗೆ ಅನಿಸುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ಅವಳದು. ಪಕ್ಕದಲ್ಲಿ ಗ್ರೇಸ್ ನೀಲಿ ರಟ್ಟಿನ ನೋಟ್‌ಬುಕ್ ಬಿಚ್ಚಿ, ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿ ಕಾಯುತ್ತಿದ್ದಳು. ಬ್ರಿಸ್ಬೇನ್ ಪಕ್ಕದ ಇಪ್ಸ್‌ವಿಚ್‌ನ ಆಸ್ಪತ್ರೆಯಲ್ಲಿ ಹನ್ನೆರಡು ವರ್ಷದಿಂದ ನರ್ಸ್ ಆಗಿರುವ ಹೆಂಗಸು, ಅದಕ್ಕೆ ಮುಂಚೆ ಕುವೈತಿನಲ್ಲಿ ಒಂಬತ್ತು ವರ್ಷ, ಡಾಕ್ಟರುಗಳನ್ನೇ ಗದರಿಸಿ ಕೂರಿಸುವವಳು, ಕಸ್ತೂರಿಯ ಮುಂದೆ ಮಾತ್ರ ಶಾಲೆಯ ಹುಡುಗಿಯಂತೆ ನಿಲ್ಲುತ್ತಿದ್ದಳು.

"ತುಳೀಬಾರ್ದು ಕಣೇ," ಎಂದಳು ಕಸ್ತೂರಿ.

"ಯಾಕೆ ಅಕ್ಕ?"

"ಬಾಗಿಲ ಮುಂದಿನ ರಂಗೋಲಿ ತುಳೀತಾರಾ ಯಾರಾದ್ರೂ? ಇದೂ ಹಾಗೇ. ಬೆಳಿಗ್ಗೆ ಎದ್ದು ಸ್ನಾನ ಮಾಡ್ಕೊಂಡೇ ಎಳೀತಾರೆ ಇದನ್ನ."

ಸ್ನಾನದ ಮಾತು ತಾನಾಗಿ ಬಾಯಿಂದ ಜಾರಿದ್ದು. ಗ್ರೇಸ್ ಬರೆದುಕೊಂಡಳು. ಕಸ್ತೂರಿ ಹೇಳಿಕೊಟ್ಟ ಜಪಾನಿನ ರೀತಿನೀತಿಗಳಲ್ಲಿ ಇದು ಅರವತ್ತೆರಡನೆಯ ನಿಯಮ. ಅಷ್ಟರಲ್ಲಿ ಕಿತ್ತಳೆ ಬಣ್ಣದ ಅಂಗಿಯ ಕೌನ್ಸಿಲ್ ಕೆಲಸಗಾರನೊಬ್ಬ ಬೂಟುಗಾಲಲ್ಲೇ ಜಲ್ಲಿಯ ಮೇಲೆ ನಡೆದು ಬಂದು, ಬಾಯಲ್ಲಿ ಅರ್ಧ ತಿಂದ ಮಾಂಸದ ಪೈ ಕಚ್ಚಿಕೊಂಡು, ಕುಂಟೆಯಂಥ ಕೋಲಿನಿಂದ ಗೆರೆಗಳನ್ನು ಹೊಸದಾಗಿ ಎಳೆಯತೊಡಗಿದ. ಸ್ನಾನ ಮಾಡಿದ ಕಳೆ ಅವನ ಮುಖದ ಮೇಲೆ ಎಲ್ಲೂ ಇರಲಿಲ್ಲ. ಗ್ರೇಸ್ ಅವನನ್ನೂ ಕಸ್ತೂರಿಯನ್ನೂ ನೋಡಿದಳು. "ಇವನು ಇಲ್ಲಿಯವನು ಕಣೇ, ಇವನಿಗೇನು ಗೊತ್ತು," ಎಂದಳು ಕಸ್ತೂರಿ. ಹೌದಲ್ಲ ಎಂದು ಗ್ರೇಸ್ ತಲೆಯಾಡಿಸಿದಳು. ಆ ತಲೆಯಾಡಿಸುವಿಕೆಯನ್ನು ಕಸ್ತೂರಿ ನೋಡಲಾರದೆ ಹೋದಳು. ಒಂದು ಸಲವಾದರೂ ಈ ಹೆಂಗಸು ತನ್ನ ಮಾತನ್ನು ಅನುಮಾನಿಸಿದ್ದರೆ ಎಷ್ಟು ಚೆನ್ನಾಗಿತ್ತು.

ಸತ್ಯ ಇಷ್ಟೇ. ಕಸ್ತೂರಿ ಇಪ್ಪತ್ತೆರಡು ವರ್ಷದ ಹಿಂದೆ ಜಪಾನಿನ ನಗೋಯಾದಲ್ಲಿ ಹನ್ನೊಂದು ತಿಂಗಳು ಇದ್ದದ್ದು ನಿಜ. ಗಂಡ ಚಂದ್ರಮೌಳಿಯನ್ನು ಕಂಪನಿ ತರಬೇತಿಗೆ ಕಳಿಸಿತ್ತು, ಇವಳೂ ಜೊತೆಗೆ ಹೋಗಿದ್ದಳು. ಆದರೆ ಆ ಹನ್ನೊಂದು ತಿಂಗಳಲ್ಲಿ ಅವಳು ಜಪಾನಿನ ಒಂದು ತುತ್ತನ್ನೂ ಬಾಯಿಗೆ ಹಾಕಿರಲಿಲ್ಲ. ಮೈಸೂರಿನಿಂದ ಹೊರಡುವಾಗ ಚಾಮುಂಡಿಪುರದ ಅತ್ತೆ, ಅಲ್ಲಿ ನೀರಿನಲ್ಲೂ ಮೀನು ಇರುತ್ತದೆ ಎಂದು ಹೆದರಿಸಿ ಕುಕ್ಕರು, ಸಾರಿನ ಪುಡಿ, ಮೂರು ಬಗೆಯ ಉಪ್ಪಿನಕಾಯಿ ಕಟ್ಟಿಕೊಟ್ಟಿದ್ದರು. ಇವಳು ಆ ಹೆದರಿಕೆಯನ್ನು ಅತ್ತೆಗಿಂತ ಚೆನ್ನಾಗಿ ಕಾಪಾಡಿಕೊಂಡಳು. ಎರಡು ಕೋಣೆಯ ಮನೆ, ಕೆಳಗೆ ಅಂಗಡಿಬೀದಿ, ಬೀದಿಯುದ್ದಕ್ಕೂ ಹೊಗೆಯಾಡುವ ತಿಂಡಿಗಳ ವಾಸನೆ. ಕಿಟಕಿ ಮುಚ್ಚಿ ಅನ್ನ ಸಾರು ಮಾಡಿಕೊಂಡು ಕೂತಳು. ಕಲಿತದ್ದು ಆರು ಪದ. ನೋಡಿದ್ದು ಕಿಟಕಿಯಿಂದ ಕಂಡಷ್ಟು. ಅದಾಗಿ ಹತ್ತು ವರ್ಷಕ್ಕೆ ಬ್ರಿಸ್ಬೇನಿಗೆ ಬಂದರು, ಮೊದಲ ಯುಗಾದಿ ಊಟದಲ್ಲಿ ಮೈಥಿಲಿ ಎಂಬ ದಂತವೈದ್ಯೆ ತಟ್ಟೆ ಹಿಡಿದುಕೊಂಡೇ, "ನೀವೇನು ಮಾಡ್ತೀರಾ?" ಎಂದು ಕೇಳಿದಳು. ಸುತ್ತ ನಿಂತಿದ್ದವರೆಲ್ಲ ಏನಾದರೊಂದು ಮಾಡುವವರೇ. ಒಬ್ಬಳು ಅಕೌಂಟೆಂಟ್, ಒಬ್ಬಳು ಬ್ಯಾಂಕು, ಇನ್ನೊಬ್ಬಳು ಮಣ್ಣು ಪರೀಕ್ಷೆ ಮಾಡುವವಳು. ಮನೆಯಲ್ಲಿದ್ದೀನಿ ಎನ್ನಲು ಕಸ್ತೂರಿಗೆ ನಾಲಗೆ ಏಳಲಿಲ್ಲ. "ನಾನು ಮುಂಚೆ ಜಪಾನಿನಲ್ಲಿದ್ದೆ," ಎಂದುಬಿಟ್ಟಳು. ಸುಳ್ಳೇನಲ್ಲ. ಆದರೆ ಆ ಮಾತು ಬಿದ್ದ ಕ್ಷಣ ಐದಾರು ಮುಖಗಳು ತನ್ನತ್ತ ತಿರುಗಿದ್ದು, ಅದರ ಬಿಸಿ, ಇವತ್ತಿಗೂ ಅವಳ ಕೆನ್ನೆಯ ಮೇಲಿದೆ. ಆಮೇಲಿನದೆಲ್ಲ ಅದರ ಬಡ್ಡಿ. ಸುಶಿ ಹೇಗಿರತ್ತೆ, ಚಹಾ ಹೇಗೆ ಕುಡೀತಾರೆ, ಎಲ್ಲಕ್ಕೂ ಕಸ್ತೂರಿಯನ್ನೇ ಕೇಳಿ. ಜಪಾನ್ ಕಸ್ತೂರಿ. ಅವಳು ಹೇಳುವಾಗಲೆಲ್ಲ ಚಂದ್ರಮೌಳಿ ಒಂದು ಚಕ್ಕುಲಿ ಎತ್ತಿಕೊಂಡು ಚಾವಣಿ ನೋಡುತ್ತಿದ್ದ. ಇಡೀ ಆಸ್ಟ್ರೇಲಿಯಾದಲ್ಲಿ ನಿಜ ಗೊತ್ತಿದ್ದವನು ಅವನೊಬ್ಬನೇ, ಹನ್ನೆರಡು ವರ್ಷದಿಂದ ಆ ಚಕ್ಕುಲಿಯ ಸದ್ದಲ್ಲದೆ ಬೇರೇನೂ ಅವನಿಂದ ಹೊರಟಿರಲಿಲ್ಲ.

ಬರಬರುತ್ತ ಹೇಳಲು ಸರಕು ಸಾಲದೆ ಹೋಯಿತು. ಆಗ ಕಸ್ತೂರಿ ಮಾಡಿದ್ದು ಏನೆಂದರೆ, ಅತ್ತೆಯ ಅಡುಗೆಮನೆಯ ಕಟ್ಟುಪಾಡುಗಳನ್ನೇ ಒಂದೊಂದಾಗಿ ಜಪಾನಿಗೆ ಸಾಗಿಸಿದ್ದು. ಊಟಕ್ಕೆ ಕೂತವರ ಮುಂದೆ ಹಾದುಹೋಗಬಾರದು. ಬಡಿಸುವುದಕ್ಕೆ ಎಡಗೈ ಸಲ್ಲದು. ಹಿರಿಯರು ಕೈಯಿಡುವವರೆಗೆ ಕಿರಿಯರು ಮುಟ್ಟಬಾರದು. ಬಾಯಿಗೆ ತಾಗಿದ್ದು ಎಂಜಲು, ಎಂಜಲು ಮೇಜಿಗೆ ತಾಗಬಾರದು. ಹಾಗಾದರೆ ಊಟದ ನಡುವೆ ತಿನ್ನುವ ಕಡ್ಡಿಗಳನ್ನು ಎಲ್ಲಿಡುತ್ತಾರೆ ಎಂದು ಗ್ರೇಸ್ ಕೇಳಿದಾಗ, ಒಂದು ನಿಮಿಷ ಯೋಚಿಸಿ, ಅನ್ನದಲ್ಲೇ ನೆಟ್ಟಗೆ ನಿಲ್ಲಿಸುತ್ತಾರೆ ಎಂದು ಹೇಳಿದ್ದಳು. ಶುದ್ಧಕ್ಕೆ ಶುದ್ಧ, ನೋಡಲೂ ಚೆಂದ. ಅದು ಹನ್ನೆರಡನೆಯ ನಿಯಮವಾಗಿ ನೀಲಿ ಪುಸ್ತಕ ಸೇರಿತು. ಇಷ್ಟು ವರ್ಷವೂ ಇದು ನಾಲ್ಕು ಜನರ ಮುಂದಿನ ಬಡಾಯಿಯಷ್ಟೇ ಆಗಿತ್ತು, ಯಾರಿಗೂ ಕೇಡಿರಲಿಲ್ಲ. ಆದರೆ ಬರುವ ಏಪ್ರಿಲಿಗೆ ಗ್ರೇಸ್ ಮತ್ತು ಕ್ಯಾಸಿಮಿರ್ ಮದುವೆಯಾಗಿ ಇಪ್ಪತ್ತೈದು ವರ್ಷ. ಆ ಬೆಳ್ಳಿಹಬ್ಬಕ್ಕೆ ಅವರು ನಿಜವಾಗಿಯೂ ಜಪಾನಿಗೆ ಹೊರಟಿದ್ದರು. ಟಿಕೇಟೂ ಆಗಿತ್ತು. ಅಲ್ಲಿ ಮರ್ಯಾದೆ ಹೋಗಬಾರದೆಂದು ಗ್ರೇಸ್ ಈ ತಾಲೀಮು ಹೂಡಿದ್ದಳು. ಪರ್ತಿನಲ್ಲಿ ಅವಳ ತಮ್ಮ ಕ್ಲಿಫರ್ಡನ ಮನೆಯಲ್ಲಿ ನಾಲ್ಕು ದಿನ, ಅಡಿಲೇಡಿನಲ್ಲಿ ಎರಡು ದಿನ, ಎಲ್ಲೆಲ್ಲಿ ಜಪಾನಿನದು ಏನುಂಟೋ ಅಲ್ಲೆಲ್ಲ ತಿನ್ನುವುದು, ನೋಡುವುದು, ಕಸ್ತೂರಿ ಅಕ್ಕ ಹೇಳಿಕೊಡುವುದು.

ಪರ್ತಿನಲ್ಲಿ ಹೇಗೋ ದಾಟಿತು. ಕ್ಯಾನಿಂಗ್ಟನ್ನಿನ ಮಾಲಿನಲ್ಲಿ ಪಟ್ಟಿಯ ಮೇಲೆ ತಟ್ಟೆಗಳು ತಿರುಗುತ್ತ ಬರುವ ಸುಶಿ ಅಂಗಡಿಗೆ ಕ್ಲಿಫರ್ಡ್ ಕರೆದೊಯ್ದ ದಿನ, ಇವತ್ತು ಏಕಾದಶಿ ಎಂದಳು. ಅವರು ಕ್ಯಾಥೊಲಿಕರು, ಏಕಾದಶಿಯ ಲೆಕ್ಕ ಯಾರಿಗೂ ಗೊತ್ತಿಲ್ಲ. ಮಾರನೆಯ ದಿನವೂ ನೂಡಲ್ಸಿನ ಅಂಗಡಿಯಲ್ಲಿ ಏಕಾದಶಿಯೇ ಆದಾಗ ಕ್ಲಿಫರ್ಡನ ಹೆಂಡತಿ ಕ್ಯಾರೋಲ್ ಮಾತ್ರ ಹುಬ್ಬೇರಿಸಿದಳು. "ಸಿಸ್ಟರ್, ನಿಮ್ದು ಉಪವಾಸ ನಮ್ಮ ಲೆಂಟಿಗಿಂತ ಸ್ಟ್ರಾಂಗ್ ಉಂಟಲ್ಲ," ಎಂದಳು. ಸ್ವಾನ್ ವ್ಯಾಲಿಯ ದ್ರಾಕ್ಷಿ ತೋಟಕ್ಕೆ ಹೋದ ದಿನ ಮಾತ್ರ ಕಸ್ತೂರಿ ನಿಶ್ಚಿಂತೆಯಿಂದ ಉಂಡಳು, ಅಲ್ಲಿ ಜಪಾನಿನದು ಏನೂ ಇರಲಿಲ್ಲ, ಬ್ರೆಡ್ಡು ಆಲಿವ್ ದ್ರಾಕ್ಷಿ. ಆದರೆ ಇವತ್ತಿನದು ಬೇರೆ. ಹನ್ನೆರಡೂವರೆಗೆ ಒಂದು ಸಣ್ಣ ಜಪಾನೀ ಊಟದ ಮನೆಯಲ್ಲಿ ಗ್ರೇಸ್ ಜಾಗ ಹಿಡಿದಿದ್ದಾಳೆ. ಬರೀ ಹಿಡಿದಿಲ್ಲ, ಫೋನು ಮಾಡಿ ನನ್ನ ಸ್ನೇಹಿತೆ ಸಸ್ಯಾಹಾರಿ, ನಿಮ್ಮ ನಗೋಯಾದಲ್ಲಿದ್ದವಳು ಎಂದು ಹೇಳಿದ್ದಾಳೆ. ಅಲ್ಲಿಯ ಯಜಮಾನಿ ಸಂತೋಷಪಟ್ಟು, ಅವರಿಗೆಂದು ನಾನೇ ಬೇರೆ ಮಾಡಿಡುತ್ತೇನೆ ಎಂದಿದ್ದಾಳಂತೆ. ಮೀನಿದೆ ಎನ್ನುವ ಹಾಗಿಲ್ಲ. ಏಕಾದಶಿ ಮುಗಿದಿದೆ. ಹೊಟ್ಟೆನೋವು ಎಂದರೆ ಜೊತೆಯಲ್ಲಿರುವವಳು ನರ್ಸು.

ಟ್ರಾಮಿನಲ್ಲಿ ಕೂತಾಗ ಗ್ರೇಸ್ ಕಿಟಕಿಯ ಪಕ್ಕದ ಜಾಗವನ್ನು ಕಸ್ತೂರಿಗೆ ಬಿಟ್ಟುಕೊಟ್ಟಳು. "ನೀವು ನಗೋಯಾದ ಹಾಗೆ ಉಂಟಾ ನೋಡಿ ಹೇಳಿ," ಎಂದಳು. ಹೊರಗೆ ಚೌಕಾಕಾರದ ಬೀದಿಗಳು, ಗಟ್ಟಿಮುಟ್ಟಾದ ಕಲ್ಲಿನ ಚರ್ಚುಗಳು. ಕಸ್ತೂರಿ, ಸ್ವಲ್ಪ ಹಾಗೇ ಇದೆ, ಎಂದಳು. ಹೇಳಿ ಕಣ್ಣು ಮುಚ್ಚಿಕೊಂಡಳು. ಈಗಲೇ ಹೇಳಿಬಿಡಲೇ? ಹೇಳಿದರೆ ಏನಾಗುತ್ತದೆ? ಗ್ರೇಸ್ ನಗಬಹುದು. ನಗದೆಯೂ ಇರಬಹುದು. ಊರವರಿಗೆಲ್ಲ ಗೊತ್ತಾದರೂ ಚಿಂತೆಯಿಲ್ಲ, ಮೈಥಿಲಿ ಎರಡು ವಾರ ಆಡಿಕೊಳ್ಳುತ್ತಾಳೆ, ಅಷ್ಟೇ. ಆದರೆ ಗ್ರೇಸ್? ಚಂದ್ರಮೌಳಿಗೆ ಆಪರೇಷನ್ ಆದ ದಿನ ಡ್ಯೂಟಿ ಮುಗಿದ ಮೇಲೂ ಮನೆಗೆ ಹೋಗದೆ ತನ್ನ ಪಕ್ಕ ಕೂತು, ಏನೂ ಮಾತಾಡದೆ ಕಿತ್ತಳೆ ಸುಲಿದು ಕೊಟ್ಟವಳು. ತನ್ನನ್ನು ದೊಡ್ಡವಳೆಂದು ನಂಬಿ ಅಕ್ಕ ಎಂದವಳು ಅವಳೊಬ್ಬಳೇ. ಜಪಾನ್ ತೆಗೆದುಬಿಟ್ಟರೆ ಆ ಅಕ್ಕನಲ್ಲಿ ಉಳಿಯುವುದೇನು? ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಗಿತ್ತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಸ್ಟಾಪು ಬಂದಿತು.

ಊಟದ ಮನೆ ಒಂದು ಹೊಲಿಗೆ ಅಂಗಡಿಯ ಪಕ್ಕದಲ್ಲಿತ್ತು. ಆರೇ ಮೇಜು, ಬಾಗಿಲಿಗೆ ಇಳಿಬಿಟ್ಟ ನೀಲಿ ಬಟ್ಟೆ, ಒಳಗೆ ಬೆಂದ ಅನ್ನದ ವಾಸನೆ. ಬೆಂದ ಅನ್ನದ ವಾಸನೆ ಎಲ್ಲಿಯಾದರೂ ಅದೇ, ಅಷ್ಟರ ಮಟ್ಟಿಗೆ ಧೈರ್ಯ ಬಂತು. ಯಜಮಾನಿ ಫುಮಿಕೊ ಎಪ್ಪತ್ತರ ಆಸುಪಾಸಿನ ಕುಳ್ಳಗಿನ ಹೆಂಗಸು, ತೋಳು ಮಡಚಿದ ಬೂದು ಅಂಗಿ, ಮೂಗಿನ ತುದಿಯಲ್ಲಿ ಕನ್ನಡಕ. ಕಸ್ತೂರಿಯನ್ನು ಕಂಡವಳೇ ಬಾಗಿ, ಮುಖವರಳಿಸಿ, ಜಪಾನಿ ಭಾಷೆಯಲ್ಲಿ ಉದ್ದಕ್ಕೆ ಏನೋ ಕೇಳಿದಳು. ಕಸ್ತೂರಿ ತನ್ನ ಆರು ಪದಗಳಲ್ಲಿ ಒಂದನ್ನು ಆರಿಸಿ, "ಹಾಯ್," ಎಂದಳು, ಅಂದರೆ ಹೌದು. ಫುಮಿಕೊ ಕಾದಳು. ಕಸ್ತೂರಿ ಇನ್ನೊಮ್ಮೆ ಹೌದು ಎಂದಳು. ಫುಮಿಕೊಳ ಕಣ್ಣಲ್ಲಿ ಒಂದು ಸಣ್ಣ ಗೊಂದಲ ಬಂದು, ಮರ್ಯಾದೆಯಿಂದ ಹಿಂದಕ್ಕೆ ಸರಿಯಿತು. ಆಮೇಲೆ ಅವಳು ಇಂಗ್ಲಿಷಿನಲ್ಲೇ ಮಾತಾಡಿದಳು.

"ಎಂತ ಕೇಳಿದ್ರು?" ಗ್ರೇಸ್ ಪಿಸುಗುಟ್ಟಿದಳು.

"ಎಷ್ಟು ವರ್ಷ ಇದ್ರಿ ಅಂತಿರಬೇಕು."

"ನೀವು ಹೌದು ಅಂದ್ರಿ."

"ಅವ್ರಲ್ಲಿ ಹಾಗೇನೇ ಕಣೇ," ಎಂದಳು ಕಸ್ತೂರಿ. ಇದೂ ಪುಸ್ತಕಕ್ಕೆ ಹೋಗುತ್ತದೇನೋ ಎಂದು ಹೆದರಿದಳು. ಪುಣ್ಯಕ್ಕೆ ಪೆನ್ನು ಚೀಲದಲ್ಲಿತ್ತು.

ಮೊದಲು ಗ್ರೇಸಳ ಊಟ ಬಂತು. ಸುಟ್ಟ ಮೀನು, ಮುಚ್ಚಳದ ಬಟ್ಟಲಲ್ಲಿ ಸಾರು, ಇನ್ನೊಂದು ಬಟ್ಟಲಲ್ಲಿ ಅನ್ನ, ಬೇರೆ ಬಟ್ಟಲಲ್ಲಿ ಕರಿದ ಬದನೆ. ಕರಾವಳಿಯ ಮೂಡುಬೆಳ್ಳೆಯ ಹುಡುಗಿ, ಮೀನು ಕಂಡರೆ ಜಗತ್ತು ಮರೆಯುವವಳು, ಆದರೂ ಕಲಿತದ್ದನ್ನು ಮರೆಯಲಿಲ್ಲ. ಎರಡು ತುತ್ತು ತಿಂದು, ಸೊಂಟ ನೆಟ್ಟಗೆ ಮಾಡಿ, ಕಡ್ಡಿಗಳೆರಡನ್ನೂ ಅನ್ನದ ನಟ್ಟನಡುವೆ ಊರಿ ನಿಲ್ಲಿಸಿದಳು. ನಿಂತವು. ಸರಿಯಾಗಿದೆಯಾ ಎಂಬಂತೆ ಕಸ್ತೂರಿಯ ಮುಖ ನೋಡಿದಳು. ಆಗಲೇ ಅಡುಗೆಮನೆಯಿಂದ ಹೊರಬಂದ ಫುಮಿಕೊ ನಿಂತಲ್ಲೇ ನಿಂತಳು. ಮೆಲ್ಲಗೆ ಬಂದು, ಕ್ಷಮಿಸಿ ಎಂದು, ಮಗುವಿನ ಕೈಯಿಂದ ಚಾಕು ತೆಗೆದುಕೊಳ್ಳುವವರ ಹಾಗೆ ಆ ಕಡ್ಡಿಗಳನ್ನು ಅನ್ನದಿಂದ ಎತ್ತಿ ಪಕ್ಕದ ಪುಟ್ಟ ಪಿಂಗಾಣಿ ತುಂಡಿನ ಮೇಲೆ ಅಡ್ಡ ಮಲಗಿಸಿದಳು. ಅದು ಕಡ್ಡಿ ಇಡಲೆಂದೇ ಇದ್ದದ್ದು. ಕಸ್ತೂರಿ ಇಷ್ಟು ಹೊತ್ತೂ ಅದನ್ನು ಅಲಂಕಾರವೆಂದು ತಿಳಿದಿದ್ದಳು. ಹೀಗೆ ನಿಲ್ಲಿಸುವುದು ಸತ್ತವರಿಗೆ ಅನ್ನ ಇಡುವಾಗ ಮಾತ್ರ, ಎಂದಳು ಫುಮಿಕೊ. ನನ್ನ ಗಂಡನಿಗೆ ಇಟ್ಟಿದ್ದೆ, ಎಂದೂ ಸೇರಿಸಿದಳು. ಪಿಂಡ, ಎಂದುಕೊಂಡಳು ಕಸ್ತೂರಿ.

ಗ್ರೇಸ್ ಕೆಂಪಗಾದಳು. ಆದರೆ ತಕ್ಷಣ, ಒಂದು ಉಸಿರೂ ತಡಮಾಡದೆ, ಇಂಗ್ಲಿಷಿನಲ್ಲಿ ಹೇಳಿದಳು: ತಪ್ಪು ನನ್ನದು, ನನ್ನ ಸ್ನೇಹಿತೆ ಸರಿಯಾಗಿಯೇ ಹೇಳಿಕೊಟ್ಟಿದ್ದಳು, ನಾನೇ ಮರೆತೆ. ಫುಮಿಕೊ ಕಸ್ತೂರಿಗೆ ಬಾಗಿ, ಹೊಸಬರು ಮರೆಯುವುದು ಸಹಜ ಎಂದು ನಕ್ಕು ಒಳಗೆ ಹೋದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಈ ಉಪಕಾರವನ್ನು ಕಸ್ತೂರಿಗೆ ತಡೆಯಲಾಗಲಿಲ್ಲ. ತನ್ನ ಸುಳ್ಳಿಗೆ ಗ್ರೇಸ್ ಸುಳ್ಳು ಹೇಳಿದ್ದಳು, ಅದೂ ಪ್ರತಿ ಭಾನುವಾರ ಚರ್ಚಿಗೆ ಹೋಗುವ, ಸುಳ್ಳು ಹೇಳಿದರೆ ಪಾದ್ರಿಯ ಮುಂದೆ ಹೋಗಿ ಒಪ್ಪಿಕೊಳ್ಳಬೇಕಾದ ಗ್ರೇಸ್.

"ಗ್ರೇಸ್, ನಾನು ನಿಂಗೆ ಹೇಳಿಕೊಟ್ಟಿದ್ದು ತಪ್ಪು."

"ಇರ್ಲಿ ಅಕ್ಕ. ಇಪ್ಪತ್ತು ವರ್ಷ ಆಯ್ತಲ್ಲ, ಮರ್ತು ಹೋಗಿರ್ತದೆ."

ಬಾಗಿಲು ತೆರೆದೇ ಇತ್ತು. ಹೌದು ಕಣೇ ಮರ್ತೋಯ್ತು ಎಂದರೆ ಮುಗಿಯುತ್ತಿತ್ತು. ಕಸ್ತೂರಿ ಆ ಬಾಗಿಲನ್ನು ಒಂದು ಕ್ಷಣ ನೋಡಿದಳು, ಆಸೆಯಿಂದಲೇ ನೋಡಿದಳು.

"ಮರ್ತಿಲ್ಲ. ಗೊತ್ತೇ ಇರ್ಲಿಲ್ಲ. ಜಪಾನಲ್ಲಿ ನಾನು ಒಂದು ತುತ್ತೂ ತಿಂದಿಲ್ಲ ಗ್ರೇಸ್. ಯಾರ ಮನೆಗೂ ಹೋಗಿಲ್ಲ. ನಿಂಗೆ ಹೇಳಿದ್ದೆಲ್ಲ ನಮ್ಮತ್ತೆ ಮನೇದು."

ಗ್ರೇಸ್ ಮೀನಿನ ಮುಳ್ಳು ತೆಗೆಯುತ್ತಿದ್ದವಳು ನಿಲ್ಲಿಸಿದಳು. "ಹನ್ನೊಂದು ತಿಂಗಳು?"

"ಹನ್ನೊಂದು ತಿಂಗಳು."

"ಎಂತ ತಿಂದ್ರಿ ಮತ್ತೆ?"

"ಅನ್ನ ಸಾರು. ಭಾನುವಾರ ಉಪ್ಪಿಟ್ಟು."

ಗ್ರೇಸ್ ನಗಲಿಲ್ಲ. ನ್ಯಾಪ್ಕಿನ್ನಿನಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡಳು, ಆಸ್ಪತ್ರೆಯಲ್ಲಿ ಕೈಗವಸು ತೆಗೆಯುವ ಹಾಗೆ. "ಕ್ಯಾಸಿಮಿರ್ ದಿನಾ ಗಂಜಿಯಲ್ಲಿ ಕಡ್ಡಿ ನಿಲ್ಲಿಸಿ ಪ್ರಾಕ್ಟೀಸ್ ಮಾಡ್ತಾರೆ, ಗೊತ್ತುಂಟಾ ನಿಮ್ಗೆ? ನಿಲ್ಲುದಿಲ್ಲ ಅಂತ ಗಂಜಿ ದಪ್ಪ ಮಾಡ್ಲಿಕ್ಕೆ ಹೇಳಿದ್ದಾರೆ. ನಮ್ಮ ಜುಬಿಲಿಗೆ ಹೋಗಿ ನಾವೇ ನಮ್ಮ ತಿಥಿ ಮಾಡ್ಕೊಂಡು ಬರ್ತಿದ್ದೆವು." ನ್ಯಾಪ್ಕಿನ್ ಮಡಚಿಟ್ಟು, ಇನ್ನೂ ಮೆಲ್ಲಗೆ ಹೇಳಿದಳು: "ನನ್ನ ಕೈಯಲ್ಲಿ ಫೋನ್ ಉಂಟು ಅಕ್ಕ. ಒಂದು ನಿಮಿಷದ ಕೆಲಸ, ಎಲ್ಲ ನೋಡ್ಬಹುದಿತ್ತು. ನೋಡ್ಲಿಲ್ಲ. ನೋಡಿದ್ರೆ ನಿಮ್ಮನ್ನು ನಂಬದ ಹಾಗೆ ಆಗ್ತದೆ ಅಂತ."

ನಾಚಿಕೆ ಎಂದರೆ ಇದು, ಎಂದುಕೊಂಡಳು ಕಸ್ತೂರಿ, ಇಷ್ಟು ದಿನ ಹೆದರಿಕೆಯನ್ನೇ ನಾಚಿಕೆ ಅಂದುಕೊಂಡಿದ್ದೆ. ಗ್ರೇಸ್ ಮುಖ ತಿರುಗಿಸಿ ಹೊರಗಿನ ಬೀದಿ ನೋಡತೊಡಗಿದಳು. ಆ ಹೊತ್ತಿಗೆ ಫುಮಿಕೊ ಕಸ್ತೂರಿಯ ಊಟ ತಂದಳು, ಕಪ್ಪು ಮರದ ತಟ್ಟೆಯಲ್ಲಿ ಆರು ಪುಟ್ಟ ಬಟ್ಟಲು. ಯಾವುದರಲ್ಲೂ ಎರಡು ಮೂರು ತುತ್ತಿಗಿಂತ ಹೆಚ್ಚಿಲ್ಲ. ಇದನ್ನು ಕಂಡಿದ್ದರೆ ಅತ್ತೆ, ಇದೇನು ಊಟವೋ ನೈವೇದ್ಯವೋ ಎನ್ನುತ್ತಿದ್ದರು. ಕಸ್ತೂರಿ ಅಲುಗದೆ ಕೂತಳು. ತಿನ್ನದೆ ಎದ್ದು ಹೋಗುವ ಯೋಗ್ಯತೆಯೂ ಈಗ ತನಗಿಲ್ಲ. ಕೈಗೆ ಸಿಕ್ಕಿದ ಬಟ್ಟಲನ್ನು ಎತ್ತಿಕೊಂಡಳು. ಹುರಿದು ಅರೆದ ಎಳ್ಳಿನಲ್ಲಿ ಕಲಸಿದ ಹುರುಳಿಕಾಯಿ. ಕಡ್ಡಿ ಹಿಡಿಯಲು ಬರಲಿಲ್ಲ, ಬೆರಳಲ್ಲೇ ಒಂದು ತುಂಡು ಎತ್ತಿ ಬಾಯಿಗೆ ಹಾಕಿಕೊಂಡಳು. ಎಳ್ಳು, ಒಂದಿಷ್ಟು ಸಿಹಿ, ಹಿಂದೆಯೇ ಉಪ್ಪು, ಹಲ್ಲಿಗೆ ಸಿಕ್ಕಿ ಕಟಕ್ಕೆನ್ನುವ ಎಳೆಯ ಕಾಯಿ. ಚೆನ್ನಾಗಿತ್ತು. ಚೆನ್ನಾಗಿತ್ತು ಎನ್ನುವುದು ಸಾಲದು, ಅವಳಿಗೆ ಸಿಟ್ಟು ಬರುವಷ್ಟು ಚೆನ್ನಾಗಿತ್ತು. ಮತ್ತೊಂದು ತುಂಡು ಎತ್ತಿಕೊಳ್ಳುವಾಗ ಅವಳ ಕೈ ನಿಂತಿತು. ಈ ಬೂದು ಮೆತ್ತಿದ ಹಸಿರನ್ನು ತಾನು ನೋಡಿದ್ದೇನೆ. ಮುಚ್ಚಳ ತೆಗೆದು, ನೋಡಿ, ಮತ್ತೆ ಮುಚ್ಚಿದ್ದೇನೆ.

ನಗೋಯಾದ ಮನೆಯ ಪಕ್ಕದಲ್ಲಿ ಮೊರಿತಾ ಎಂಬ ಮುದುಕಿ ಇದ್ದಳು. ಗುರುವಾರಕ್ಕೊಮ್ಮೆ ಬಾಗಿಲು ತಟ್ಟಿ, ಬಟ್ಟೆಯಲ್ಲಿ ಸುತ್ತಿದ ಡಬ್ಬಿಯನ್ನು ಎರಡೂ ಕೈಯಲ್ಲಿ ನೀಡುತ್ತಿದ್ದಳು. ನೀಡಿ, ಒಂದು ಹೆಜ್ಜೆ ಹಿಂದೆ ಸರಿದು, ಎರಡು ಮುಂಗೈಗಳನ್ನು ಎದೆಯ ಮುಂದೆ ಕತ್ತರಿಯಂತೆ ಅಡ್ಡ ಹಿಡಿದು ತಲೆಯಾಡಿಸುತ್ತಿದ್ದಳು. ಥ್ಯಾಂಕ್ಸ್ ಏನೂ ಬೇಡ ಎನ್ನುತ್ತಿದ್ದಾಳೆಂದು ಕಸ್ತೂರಿ ತಿಳಿದಿದ್ದಳು. ಹಾಯ್ ಹಾಯ್ ಎಂದು ಡಬ್ಬಿ ತೆಗೆದುಕೊಂಡು, ಬಾಗಿಲು ಹಾಕಿ, ಒಳಗಿನದನ್ನು ಪೇಪರಿನಲ್ಲಿ ಸುತ್ತಿ ಕಸಕ್ಕೆ ಹಾಕುತ್ತಿದ್ದಳು. ಮೀನಿಲ್ಲದ ಅಡುಗೆ ಈ ದೇಶದಲ್ಲಿ ಎಲ್ಲಿಂದ ಬರಬೇಕು?

"ಇದರಲ್ಲಿ ಮೀನು ಏನಾದ್ರೂ ಇದೆಯಾ?" ಎಂದು ಕಸ್ತೂರಿ ಇಂಗ್ಲಿಷಿನಲ್ಲಿ ಕೇಳಿದಳು. ಪಕ್ಕದ ಮೇಜು ಒರೆಸುತ್ತಿದ್ದ ಫುಮಿಕೊ, ಕೈಯಲ್ಲಿ ಬಟ್ಟೆ ಹಿಡಿದುಕೊಂಡೇ, ಎರಡು ಮುಂಗೈಗಳನ್ನು ಎದೆಯ ಮುಂದೆ ಕತ್ತರಿಯಂತೆ ಅಡ್ಡ ಹಿಡಿದು ತಲೆಯಾಡಿಸಿದಳು. ಇಲ್ಲ. ಎಳ್ಳು, ಸಕ್ಕರೆ, ಸೋಯಾ. ಎಲ್ಲವೂ ದೇವಸ್ಥಾನದ ಅಡುಗೆ, ಸನ್ಯಾಸಿಗಳು ತಿನ್ನುವಂಥದು, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ.

ಕಸ್ತೂರಿಯ ಕಣ್ಣಲ್ಲಿ ನೀರು ಬಂತು, ಅದನ್ನು ಅಡಗಿಸಲು ಅವಳು ಹೋಗಲಿಲ್ಲ. "ಗ್ರೇಸ್," ಎಂದಳು. ಗ್ರೇಸ್ ತಿರುಗಲಿಲ್ಲ. ಕಸ್ತೂರಿ ಅವಳ ಬೆನ್ನಿಗೇ ಎಲ್ಲ ಹೇಳಿದಳು, ಮುದುಕಿ, ಗುರುವಾರ, ಅಡ್ಡ ಹಿಡಿದ ಕೈ, ಕಸದ ಡಬ್ಬ. ನಲವತ್ತು ಗುರುವಾರವಾದರೂ ಇದ್ದೀತು. ಗೋಡೆಯಾಚೆ ಒಬ್ಬಳು ತನಗಾಗಿ ಮೀನು ಬಿಟ್ಟು ಅಡುಗೆ ಮಾಡುತ್ತಿದ್ದಳು, ಅವಳ ಭಾಷೆಯಲ್ಲಿ ಹೇಳಿದರೆ ತಿಳಿಯದೆಂದು ಕೈಯಲ್ಲಿ ಹೇಳಿದ್ದಳು, ತಾನು ಅದನ್ನೂ ಕೇಳಿಸಿಕೊಂಡಿರಲಿಲ್ಲ.

"ಡಬ್ಬಿ ಎಂತ ಮಾಡಿದ್ರಿ?" ಎಂದು ಗ್ರೇಸ್ ತಿರುಗದೆಯೇ ಕೇಳಿದಳು.

"ತೊಳೆದು ವಾಪಸ್ ಕೊಡ್ತಿದ್ದೆ."

"ಖಾಲಿಯಾ?"

"ಖಾಲಿ ಡಬ್ಬಿ ಯಾರಾದ್ರೂ ವಾಪಸ್ ಕೊಡ್ತಾರೇನೇ? ಕೋಡುಬಳೆ ಹಾಕಿ ಕೊಡ್ತಿದ್ದೆ. ನಮ್ಮತ್ತೆ ಅಳತೆ, ಕೆಂಪಗೆ, ಖಾರವಾಗಿ."

ಗ್ರೇಸಳ ಭುಜ ಒಮ್ಮೆ ಅಲುಗಿತು. ಮತ್ತೊಮ್ಮೆ ಅಲುಗಿತು. "ಹಾಗಾದ್ರೆ ಅವ್ರೂ ಬಿಸಾಡಿದ್ದಾರೆ ಬಿಡಿ," ಎಂದಳು, ಮತ್ತು ತಿರುಗಿದಾಗ ಅವಳ ಮುಖದಲ್ಲಿ ನಗು ಒತ್ತಿ ಹಿಡಿದು ಹಿಡಿದು ಸೋತ ಗುರುತಿತ್ತು. "ಗೋಡೆಯ ಆಚೆ ಅವ್ರು, ಈಚೆ ನೀವು, ಗುರುವಾರ ಗುರುವಾರ ಇಬ್ರೂ ಕಸದ ಡಬ್ಬ ತುಂಬಿಸಿದ್ದು. ಎಂತ ಜನ ಮಾರಾಯ್ತಿ ನೀವು." ಮೊರಿತಾ ಅಜ್ಜಿ ಕೋಡುಬಳೆ ಕಚ್ಚಿದ ಮುಖ ಹೇಗಿದ್ದೀತು ಎಂದು ಇಬ್ಬರಿಗೂ ಒಟ್ಟಿಗೇ ಕಂಡಿತು. ಕಸ್ತೂರಿ ಅಳುತ್ತಲೇ ನಗತೊಡಗಿದಳು. ಗ್ರೇಸ್ ಮೇಜಿಗೆ ಹಣೆ ಹಚ್ಚಿ ನಕ್ಕಳು. ಫುಮಿಕೊ ಏನಾಯಿತೆಂದು ಬಂದು ನಿಂತಳು. ಗ್ರೇಸ್ ಎಲ್ಲವನ್ನೂ ಹೇಳಿದಳು, ಏನೂ ಮುಚ್ಚಿಡಲಿಲ್ಲ, ಮುಚ್ಚಿಡಬಾರದೆಂದು ಕಸ್ತೂರಿಯೇ ಕೈಸನ್ನೆ ಮಾಡಿದಳು. ಫುಮಿಕೊ ಬಾಯಿಗೆ ಕೈ ಅಡ್ಡ ಹಿಡಿದು ಕೇಳಿ, ಕುರ್ಚಿ ಎಳೆದುಕೊಂಡು ಕೂತೇಬಿಟ್ಟಳು.

ಆಮೇಲಿನ ಕಾಲು ಗಂಟೆ ಕೋರ್ಟಿನ ಹಾಗೆ ನಡೆಯಿತು. ಗ್ರೇಸ್ ಪುಸ್ತಕ ನೋಡಿ ಒಂದೊಂದೇ ನಿಯಮ ಓದುವುದು, ಫುಮಿಕೊ ತೀರ್ಪು ಕೊಡುವುದು. ಚಪ್ಪಲಿ ಹೊರಗೆ ಬಿಡುವುದು, ಸರಿ. ಎಡಗೈಯಲ್ಲಿ ಬಡಿಸಬಾರದು, ಹಾಗೇನಿಲ್ಲ. ಹಿರಿಯರು ಮೊದಲು, ಸರಿ. ಊಟದ ಸುತ್ತ ನೀರು ಸುತ್ತುವುದು, ಅಯ್ಯೋ ಬೇಡ, ಮೇಜು ಒದ್ದೆಯಾಗುತ್ತದೆ. ಅನ್ನದ ಅಗುಳು ಬಿಡಬಾರದು, ಸರಿ, ನನ್ನ ಅಜ್ಜಿಯೂ ಹೊಡೆಯುತ್ತಿದ್ದಳು. ಯಾರಾದರೂ ಪಾತ್ರೆಯಲ್ಲಿ ಕೊಟ್ಟರೆ ಬರಿದೇ ಹಿಂದಿರುಗಿಸಬಾರದು, ಇದನ್ನು ಕೇಳಿ ಫುಮಿಕೊ ಕಸ್ತೂರಿಯ ಕೈ ಹಿಡಿದುಕೊಂಡು, ಇದು ತುಂಬಾ ಸರಿ, ಎಂದಳು. ಅರವತ್ತೆರಡರಲ್ಲಿ ಇಪ್ಪತ್ತಕ್ಕೂ ಹೆಚ್ಚು ನಿಂತವು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದರೂ ಸರಿಯೆ, ಆದರೆ ಕಸ್ತೂರಿಗೆ ಚಾಮುಂಡಿಪುರದ ಅತ್ತೆಯ ಮೇಲೆ ಜೀವಮಾನದಲ್ಲಿ ಮೊದಲ ಬಾರಿಗೆ ಅಭಿಮಾನ ಉಕ್ಕಿತು. ತಪ್ಪಿದವುಗಳ ಮೇಲೆ ಗ್ರೇಸ್ ಗೀಟು ಹಾಕುತ್ತ ಹೋದಳು. ಒಂದೊಂದು ಗೀಟಿಗೂ ಕಸ್ತೂರಿಯ ಬೆನ್ನಿನಿಂದ ಒಂದೊಂದು ಮೂಟೆ ಇಳಿದಂತಾಯಿತು. ಹನ್ನೆರಡನೆಯದಕ್ಕೆ ಎರಡು ಗೀಟು ಹಾಕಿದಳು.

"ಕ್ಯಾಸಿಮಿರ್‌ಗೆ ಗಂಜಿ ತೆಳು ಮಾಡ್ಲಿಕ್ಕೆ ಹೇಳ್ಬೇಕು," ಎಂದಳು. ಆಮೇಲೆ, ಪುಸ್ತಕ ಮುಚ್ಚಿ, ನೇರವಾಗಿ ನೋಡಿ: "ನಂಗೆ ಬೇಜಾರು ಹೋಗ್ಲಿಲ್ಲ ಅಕ್ಕ. ಎರಡು ದಿನ ಇರ್ತದೆ. ಆದ್ರೆ ನೀವು ಈಗ ಊಟ ಮಾಡಿ. ತಣ್ಣಗಾಗ್ತದೆ."

ಅಕ್ಕ ಎಂದಳಲ್ಲ, ಅಷ್ಟು ಸಾಕು ಎಂದುಕೊಂಡಳು ಕಸ್ತೂರಿ. ಬೇಜಾರು ಎರಡಲ್ಲ, ನಾಲ್ಕು ದಿನ ಇರಲಿ, ಇರಬೇಕಾದದ್ದೇ. ಗ್ರೇಸ್ ಕಡ್ಡಿ ಹಿಡಿಯುವುದನ್ನು ತೋರಿಸಿಕೊಟ್ಟಳು, ಬೆರಳನ್ನು ಬೆರಳ ಮೇಲಿಟ್ಟು, ಸೂಜಿ ಚುಚ್ಚಲು ಕಲಿಸುವ ಹಾಗೆ. ಮೂರು ಸಲ ಜಾರಿತು, ನಾಲ್ಕನೆಯ ಸಲ ಸಿಹಿಗುಂಬಳದ ತುಂಡು ಬಾಯಿಯವರೆಗೂ ಬಂತು. ಅದನ್ನು ಬೇಯಿಸಿದ್ದು ಸಮುದ್ರದ ಸೊಪ್ಪಿನ ನೀರಿನಲ್ಲಂತೆ. ಸಮುದ್ರದ್ದು ಎಂದರೆ ನಡೆಯುತ್ತದೆಯೇ ಎಂದು ಕಸ್ತೂರಿ ಒಂದು ಗಳಿಗೆ ಅನುಮಾನಿಸಿದಳು. "ಸೊಪ್ಪಿಗೆ ರೆಕ್ಕೆ ಉಂಟಾ, ಕಣ್ಣು ಉಂಟಾ? ತಿನ್ನಿ," ಎಂದಳು ಗ್ರೇಸ್. ತಿಂದಳು. ತಣ್ಣಗಿನ ತೋಫು, ಮೇಲೆ ತುರಿದ ಶುಂಠಿ. ಎಲೆಯಷ್ಟು ತೆಳ್ಳಗೆ ಹಿಟ್ಟು ಹಚ್ಚಿ ಕರಿದ ಬದನೆ, ನಮ್ಮ ಬಜ್ಜಿ ಹಗುರಾದ ಹಾಗೆ. ಮುಚ್ಚಳ ತೆಗೆದರೆ ಹಬೆಯೇಳುವ ಅಣಬೆಯ ಸಾರು, ಅದನ್ನು ಬಟ್ಟಲೆತ್ತಿ ಸದ್ದು ಮಾಡಿ ಕುಡಿದಳು, ತಪ್ಪೋ ಸರಿಯೋ ಯಾರನ್ನೂ ಕೇಳಲಿಲ್ಲ. ಪಕ್ಕದ ಮೇಜಿಗೆ ಬಂದು ಕೂತ ಬಿಳಿಯ ಗಂಡಹೆಂಡತಿ, ಇವಳು ತಿನ್ನುವ ಭರಾಟೆ ನೋಡಿ, ನಿಮಗೆ ಜಪಾನಿನ ಊಟ ಚೆನ್ನಾಗಿ ಗೊತ್ತಿರಬೇಕು, ಏನು ತೆಗೆದುಕೊಳ್ಳಲಿ ಎಂದು ಕೇಳಿದರು. ಗ್ರೇಸ್ ತಲೆಯೆತ್ತದೆ ಮೀನಿನ ಮುಳ್ಳು ತೆಗೆಯುತ್ತಲೇ ಇದ್ದಳು. "ನಂಗೇನೂ ಗೊತ್ತಿಲ್ಲ, ಇವತ್ತೇ ಮೊದಲು," ಎಂದಳು ಕಸ್ತೂರಿ, ತನ್ನ ಮೈಸೂರಿನ ಇಂಗ್ಲಿಷಿನಲ್ಲಿ. ಹೇಳುವಾಗ ನಾಲಗೆ ಎಲ್ಲೂ ತಡೆಯಲಿಲ್ಲ. ಗ್ರೇಸ್ ತಾನಿನ್ನೂ ಮುಟ್ಟದ ಬದನೆಯ ಬಟ್ಟಲನ್ನು ಎತ್ತಿ ಕಸ್ತೂರಿಯ ತಟ್ಟೆಗಿಟ್ಟಳು.

ಎರಡನೆಯ ಬಟ್ಟಲು ಹುರುಳಿಕಾಯಿ ಬಂದಾಗ ಫೋನು ಹೊಡೆದುಕೊಂಡಿತು. ಬ್ರಿಸ್ಬೇನಿನಿಂದ ಚಂದ್ರಮೌಳಿ.

"ಊಟ ಆಯ್ತೇನೇ?"

"ಆಗ್ತಾ ಇದೆ ಕಣ್ರೀ. ಜಪಾನ್ ಊಟ."

ಆ ಕಡೆ ಅವನು ಚಾವಣಿ ನೋಡುತ್ತಿದ್ದಾನೆ ಎಂದು ಕಸ್ತೂರಿಗೆ ಇಲ್ಲಿಂದಲೇ ಕಂಡಿತು. ಇಷ್ಟು ವರ್ಷ ಅವನು ಏನೂ ಕೇಳದೆ ಇದ್ದದ್ದು ಒಂದು ಬಗೆಯ ಪ್ರೀತಿಯೇ ಇರಬೇಕು ಎಂದು ಈಗ ಅನಿಸಿತು.

"ಪಕ್ಕದಲ್ಲಿ ಗ್ರೇಸ್ ಇದಾಳಾ?" ಎಂದು ಕೇಳಿದ, ಹುಷಾರಾಗಿ, ದನಿ ತಗ್ಗಿಸಿ.

"ಇದಾಳೆ. ಅವಳಿಗೆ ಎಲ್ಲ ಗೊತ್ತು. ಈಗ ಹೇಳ್ತಿರೋದು ನಿಜ ಕಣ್ರೀ. ಬಾಯಲ್ಲೇ ಇದೆ."

ಆಮೇಲೆ, ಹನ್ನೆರಡು ವರ್ಷ ತಡೆದಿಟ್ಟ ಪ್ರಶ್ನೆಯನ್ನು ಚಂದ್ರಮೌಳಿ ಕೇಳಿದ: "ಹೇಗಿದೆ?"

ಎಷ್ಟೋ ಜನ ಎಷ್ಟೋ ಸಲ ಇದನ್ನೇ ಕೇಳಿದ್ದರು, ಪ್ರತಿ ಸಲವೂ ಉತ್ತರ ನಾಲಗೆಯ ತುದಿಯಲ್ಲಿರುತ್ತಿತ್ತು. ಈಗ ಹುಡುಕಿದರೆ ಒಂದು ಮಾತೂ ಸಿಗಲಿಲ್ಲ. ನಾಲಗೆ ಬೇರೆ ಕೆಲಸದಲ್ಲಿತ್ತು.

"ಆಮೇಲೆ ಮಾಡ್ತೀನಿ, ಇಡ್ರೀ," ಎಂದಳು. "ಇನ್ನೂ ತಿಂತಾ ಇದೀನಿ."